ಆಮದು ಕಚ್ಚಾವಸ್ತು ನಡುದಾರಿಯಲ್ಲಿ ನಿಲ್ಲದಂತೆ: ಕರಾವಳಿಯ ಸಣ್ಣ ರಾಸಾಯನಿಕ ಘಟಕಗಳಿಗೆ ಕೈಪಿಡಿ

ನಾನು ಖರೀದಿಯ ಜವಾಬ್ದಾರಿ ಹೊತ್ತಿರುವ ಘಟಕ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿದೆ. ಪಣಂಬೂರಿನ ನವಮಂಗಳೂರು ಬಂದರು ಇಲ್ಲಿಂದ ಕೂಗಳತೆಯ ದೂರ. ಬಂದರು ಇಷ್ಟು ಹತ್ತಿರವಿರುವಾಗ ಆಮದು ಸರಕು ಸಲೀಸಾಗಿ ಕೈಸೇರುತ್ತದೆ ಎಂದು ಹೊರಗಿನವರು ಭಾವಿಸುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೆಯೇ ಭಾವಿಸಿದ್ದೆ. ನಾವು ತಯಾರಿಸುವುದು ಫೈಬರ್ ಬೋಟುಗಳಿಗೂ ನೀರಿನ ಟ್ಯಾಂಕುಗಳಿಗೂ ಬಳಸುವ ಪಾಲಿಯೆಸ್ಟರ್ ರೆಸಿನ್. ಥ್ಯಾಲಿಕ್ ಅನ್‌ಹೈಡ್ರೈಡ್, ಮೆಲೆಯಿಕ್ ಅನ್‌ಹೈಡ್ರೈಡ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗಳನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ, ಬಂದ ಪಾಕವನ್ನು ಸ್ಟೈರೀನಿನಲ್ಲಿ ಕರಗಿಸಿದರೆ ರೆಸಿನ್ ಸಿದ್ಧವಾಗುತ್ತದೆ. ಇವುಗಳ ಪೈಕಿ ಥ್ಯಾಲಿಕ್ ಮತ್ತು ಗ್ಲೈಕಾಲ್ ದೇಶದಲ್ಲೇ ತಯಾರಾಗುತ್ತವೆ. ಸ್ಟೈರೀನಿಗೆ ಮಾತ್ರ ದೇಶ ಬಹುಕಾಲದಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ಆಮದನ್ನೇ ನೆಚ್ಚಿಕೊಂಡಿದೆ, ಮೆಲೆಯಿಕ್‌ಗೂ ಬಹುಪಾಲು ಹೊರಗಿನ ಸರಕೇ ಆಧಾರ.

2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಹಡಗಿನ ಮೇಲೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ದಾಳಿಯಾಯಿತು. ಸೌದಿ ಅರೇಬಿಯಾದಿಂದ ಕಚ್ಚಾತೈಲ ತುಂಬಿಕೊಂಡು ಅದು ಬರುತ್ತಿದ್ದುದು ನಮ್ಮ ಈ ಬಂದರಿಗೇ. ಆ ವಾರ ಬೈಕಂಪಾಡಿಯ ಚಹಾದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಆದರೆ ನನ್ನ ದಫ್ತರಗಳನ್ನು ತಿರುವಿ ನೋಡಿದರೆ, ನಮ್ಮ ರಿಯಾಕ್ಟರ್ ತಣ್ಣಗಾದ ದಿನಗಳಲ್ಲಿ ಹೆಚ್ಚಿನವಕ್ಕೆ ಕಾರಣ ಯುದ್ಧವೂ ಅಲ್ಲ, ಬಿರುಗಾಳಿಯೂ ಅಲ್ಲ. ಸರಕು ಬಂದರಿನಲ್ಲಿ ಇಳಿದಿರುತ್ತಿತ್ತು, ಕಾಗದ ಮಾತ್ರ ನಿಂತಿರುತ್ತಿತ್ತು. ಆದ್ದರಿಂದ ಈ ಕೈಪಿಡಿಯಲ್ಲಿ ಹಡಗು ಮತ್ತು ಗೋದಾಮುಗಳಷ್ಟೇ ಗಮನವನ್ನು ಸುಂಕ, ಅಧಿಸೂಚನೆ ಮತ್ತು ಪ್ರಮಾಣಪತ್ರಗಳಿಗೂ ಕೊಟ್ಟಿದ್ದೇನೆ.

ಮೊದಲು ಒಂದು ಪುಸ್ತಕ

ಪ್ರತಿ ಕಚ್ಚಾವಸ್ತುವಿಗೆ ಒಂದು ಪುಟದಂತೆ ಒಂದು ದಪ್ಪ ರಿಜಿಸ್ಟರ್ ತೆರೆಯಿರಿ. ಕಂಪ್ಯೂಟರಿನಲ್ಲಿ ಮಾಡಿದರೂ ಆದೀತು, ಆದರೆ ಅಂಗಡಿಯಿಂದ ತಂದ ರಟ್ಟಿನ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಕೊಂಡರೆ ಯಾರು ಬೇಕಾದರೂ ತೆರೆದು ನೋಡುತ್ತಾರೆ ಎಂಬುದು ನನ್ನ ಅನುಭವ. ಪುಟದ ತಲೆಯಲ್ಲಿ ವಸ್ತುವಿನ ಹೆಸರಿನ ಜೊತೆಗೆ ಕಸ್ಟಮ್ಸ್ ಸುಂಕದ ಎಂಟಂಕಿಯ ಸಂಕೇತವನ್ನು ಬರೆಯಿರಿ: ಸ್ಟೈರೀನಿಗೆ 29025000, ಮೆಲೆಯಿಕ್ ಅನ್‌ಹೈಡ್ರೈಡಿಗೆ 29171400, ಥ್ಯಾಲಿಕ್‌ಗೆ 29173500. ಸುಂಕ ಎಷ್ಟು, ಯಾವ ಗುಣಮಟ್ಟದ ಆದೇಶ ಅನ್ವಯಿಸುತ್ತದೆ, ಯಾವ ವ್ಯಾಪಾರ ಒಪ್ಪಂದದಲ್ಲಿ ರಿಯಾಯಿತಿ ಇದೆ ಎಂಬುದೆಲ್ಲ ಈ ಸಂಖ್ಯೆಯ ಮೇಲೆಯೇ ನಿಂತಿರುವುದರಿಂದ, ಸರಬರಾಜುದಾರರ ಇನ್‌ವಾಯ್ಸ್‌ನಲ್ಲಿ ಒಂದು ಸಂಕೇತ, ನಿಮ್ಮ ಕ್ಲಿಯರಿಂಗ್ ಏಜೆಂಟರು ತುಂಬಿ ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆಯಲ್ಲಿ, ಅಂದರೆ ಬಿಲ್ ಆಫ್ ಎಂಟ್ರಿಯಲ್ಲಿ, ಇನ್ನೊಂದು ಸಂಕೇತ ಎಂದಾದರೆ ತಗಾದೆ ಅಲ್ಲಿಂದಲೇ ಶುರುವಾಗುತ್ತದೆ.

ಮುಂದಿನ ಸಾಲಿನಲ್ಲಿ ಬರೆಯಬೇಕಾದದ್ದು ‘ಯಾರಿಂದ ಕೊಳ್ಳುತ್ತೇವೆ’ ಎಂಬುದನ್ನಲ್ಲ, ‘ಯಾರು ತಯಾರಿಸುತ್ತಾರೆ’ ಎಂಬುದನ್ನು. ಮುಂಬಯಿಯ ಒಬ್ಬ ವ್ಯಾಪಾರಿ, ಚೆನ್ನೈಯ ಇನ್ನೊಬ್ಬ ವ್ಯಾಪಾರಿ, ಹೀಗೆ ಎರಡು ಮೂಲ ಇಟ್ಟುಕೊಂಡಿದ್ದೇವೆ ಎಂದು ನಾವು ಬಹಳ ದಿನ ನೆಮ್ಮದಿಯಿಂದಿದ್ದೆವು. ಒಮ್ಮೆ ಇಬ್ಬರ ಚೀಲಗಳನ್ನೂ ಪಕ್ಕಪಕ್ಕ ಇಟ್ಟು ಬ್ಯಾಚ್ ಸಂಖ್ಯೆ ಓದಿದಾಗ ಎರಡೂ ಒಂದೇ ಕಾರ್ಖಾನೆಯ ಮಾಲು ಎಂಬುದು ಗೊತ್ತಾಯಿತು. ಆ ಕಾರ್ಖಾನೆ ದುರಸ್ತಿಗೆಂದು ಮುಚ್ಚಿದರೆ ಇಬ್ಬರೂ ಒಂದೇ ದಿನ ಕೈಯೆತ್ತುತ್ತಿದ್ದರು. ಭೂಗೋಳಕ್ಕೂ ಇದೇ ಮಾತು. ಕುವೈತ್ ಒಂದು ಮೂಲ, ಸೌದಿಯ ಜುಬೈಲ್ ಇನ್ನೊಂದು ಮೂಲ ಎಂದು ಬರೆದುಕೊಂಡರೂ ಎರಡು ಕಡೆಯ ಹಡಗುಗಳೂ ಹಾರ್ಮುಜ್ ಜಲಸಂಧಿಯನ್ನು ದಾಟಿಯೇ ಬರಬೇಕಾದ್ದರಿಂದ, ಆ ಜಲಸಂಧಿಯ ಮಟ್ಟಿಗೆ ಅವೆರಡೂ ಒಂದೇ.

ಪುಸ್ತಕಕ್ಕೆ ಕೂತಾಗ ಹೆಚ್ಚು ಬೆಲೆಯ, ಹೆಚ್ಚು ತೂಕದ ವಸ್ತುಗಳಿಂದ ಆರಂಭಿಸುವುದು ಸಹಜ. ಆದರೆ ರಿಯಾಕ್ಟರ್ ನಿಲ್ಲಿಸುವ ಶಕ್ತಿ ಚಿಲ್ಲರೆ ವಸ್ತುಗಳಿಗೂ ಇದೆ. ರೆಸಿನ್ ಡ್ರಮ್ಮಿನಲ್ಲೇ ಗಟ್ಟಿಯಾಗದಂತೆ ತಡೆಯಲು ಬಳಸುವ ಹೈಡ್ರೋಕ್ವಿನೋನ್ ಒಂದು ಬ್ಯಾಚಿಗೆ ಕೆಲವು ನೂರು ಗ್ರಾಂ ಸಾಕು; ಒಂದು ಚೀಲ ತಂದರೆ ತಿಂಗಳುಗಟ್ಟಲೆ ಬರುವುದರಿಂದಲೇ ಅದು ಮುಗಿದದ್ದು ಯಾರಿಗೂ ತಿಳಿಯುವುದಿಲ್ಲ. ಅದಿಲ್ಲದೆ ಬ್ಯಾಚ್ ಹಾಕುವ ಧೈರ್ಯ ಯಾರಿಗೂ ಬರಬಾರದು. ಹೀಗಾಗಿ ‘ಇದೊಂದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆಯೇ’ ಎಂಬ ಪ್ರಶ್ನೆಯನ್ನು ಪ್ರತಿ ಪುಟದಲ್ಲೂ ಕೇಳಿ, ಹೌದು ಎನ್ನುವ ಪುಟಗಳಿಗೆ ಕೆಂಪು ಗುರುತು ಹಾಕಿ.

ದಿನಗಳ ಲೆಕ್ಕ, ಚೀಲಗಳ ಲೆಕ್ಕ

ಆರ್ಡರ್ ಕೊಟ್ಟ ದಿನದಿಂದ ಸರಕು ಗೋದಾಮಿಗೆ ಬೀಳುವವರೆಗಿನ ಅವಧಿಯನ್ನು ಸರಬರಾಜುದಾರರು ಹೇಳಿದಂತೆ ಬರೆದುಕೊಳ್ಳಬೇಡಿ. ಕಳೆದ ಎರಡು ವರ್ಷಗಳ ನಿಮ್ಮದೇ ಕಡತಗಳಿಂದ ತೆಗೆಯಿರಿ. ಅದರಲ್ಲಿ ಸಾಮಾನ್ಯವಾಗಿ ಹಿಡಿದ ದಿನ ಎಷ್ಟು, ಅತಿ ಕೆಟ್ಟ ಸಲ ಹಿಡಿದ ದಿನ ಎಷ್ಟು ಎಂಬ ಎರಡು ಸಂಖ್ಯೆ ಸಾಕು. ಮಂಗಳೂರಿಗೆ ಬರುವ ಕಂಟೇನರುಗಳಲ್ಲಿ ಬಹಳಷ್ಟು ಕೊಲಂಬೊದಂಥ ದೊಡ್ಡ ಬಂದರಿನಲ್ಲಿ ಇಳಿದು, ಅಲ್ಲಿಂದ ಸಣ್ಣ ಫೀಡರ್ ಹಡಗು ಹತ್ತಿ ಬರುವಂಥವು. ದೊಡ್ಡ ಹಡಗು ಎರಡು ದಿನ ತಡವಾಗಿ ಫೀಡರ್ ತಪ್ಪಿಹೋದರೆ ನಮಗೆ ಆಗುವ ವಿಳಂಬ ಎರಡು ದಿನದ್ದಲ್ಲ, ಮುಂದಿನ ಫೀಡರಿನವರೆಗಿನದ್ದು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹೌತಿ ದಾಳಿಗಳು ಶುರುವಾಗಿ ಯುರೋಪಿನ ಹಡಗುಗಳು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಬರತೊಡಗಿದಾಗ ಪ್ರಯಾಣಕ್ಕೆ ಹತ್ತರಿಂದ ಹದಿನಾಲ್ಕು ದಿನ ಸೇರಿಕೊಂಡವು. ನಾವು ಯುರೋಪಿನಿಂದ ತರುತ್ತಿದ್ದುದು ಒಂದೇ ಒಂದು ಬಣ್ಣದ ಪೇಸ್ಟ್. ಆದರೂ ಕಂಟೇನರುಗಳೆಲ್ಲ ಆ ದೂರದ ದಾರಿಯಲ್ಲಿ ಸಿಕ್ಕಿಕೊಂಡು, ಚೀನಾದಿಂದ ಬರಬೇಕಾದ ಮಾಲಿಗೂ ಖಾಲಿ ಕಂಟೇನರ್ ಸಿಗದೆ ತಡವಾಯಿತು.

ಒಂದು ಲೆಕ್ಕ ನೋಡಿ. ದಿನಕ್ಕೆ 600 ಕಿಲೋ ಮೆಲೆಯಿಕ್ ಖರ್ಚಾಗುವ ಘಟಕಕ್ಕೆ ಸರಕು ಸಾಮಾನ್ಯವಾಗಿ 40 ದಿನಕ್ಕೆ, ಕೆಟ್ಟ ಕಾಲದಲ್ಲಿ 60 ದಿನಕ್ಕೆ ಬರುತ್ತದೆ ಎಂದಿಟ್ಟುಕೊಳ್ಳೋಣ. 40 ದಿನದ ಖರ್ಚು 24,000 ಕಿಲೋ. ಹೆಚ್ಚುವರಿ 20 ದಿನದ ರಕ್ಷಣೆಗೆ 12,000 ಕಿಲೋ. ಗೋದಾಮಿನಲ್ಲಿರುವುದೂ ದಾರಿಯಲ್ಲಿರುವುದೂ ಸೇರಿ 36,000 ಕಿಲೋಗೆ ಇಳಿದ ದಿನವೇ ಹೊಸ ಆರ್ಡರ್ ಹೋಗಬೇಕು. ನಿಜವಾಗಿ ಕಾಪಿಡಬೇಕಾದ ದಾಸ್ತಾನು ಆ 12,000 ಕಿಲೋ ಮಾತ್ರ, ಅಂದರೆ 25 ಕಿಲೋದ 480 ಚೀಲ. ಗಾಬರಿಯಿಂದ ಅದರ ಮೂರು ಪಟ್ಟು ಕೂಡಿಡುವವರನ್ನು ನಾನು ನೋಡಿದ್ದೇನೆ. ಕೇಂದ್ರ ಸರ್ಕಾರ ಪೆರ್ಮುದೆಯ ಬಂಡೆಯೊಳಗೆ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ನೆಲದಡಿಯ ಸಂಗ್ರಹಾಗಾರಗಳನ್ನು ಕಟ್ಟಿದೆ ನಿಜ, ಆದರೆ ಬಂಡೆಯೊಳಗಿನ ತೈಲ ಕೆಡುವುದಿಲ್ಲ. ಮೆಲೆಯಿಕ್ ಅನ್‌ಹೈಡ್ರೈಡ್ ನಮ್ಮ ಮಳೆಗಾಲದ ತೇವವನ್ನು ಹೀರಿಕೊಂಡು ಮೆಲೆಯಿಕ್ ಆಮ್ಲವಾಗುತ್ತದೆ. ಜುಲೈಯಲ್ಲಿ ಚೀಲದ ಬಾಯಿ ಬಿಚ್ಚಿದರೆ ಬಿಡಿಬಿಡಿಯಾಗಿರಬೇಕಾದ ಬಿಳಿ ಗುಳಿಗೆಗಳು ಅಂಟಿಕೊಂಡು ಹೆಂಟೆಯಾಗಿರುತ್ತವೆ, ಸುತ್ತಿಗೆಯಿಂದ ಒಡೆಯಬೇಕು, ಕಣ್ಣು ಮೂಗು ಉರಿಯುತ್ತದೆ. ಹಾಗಾಗಿ ಚೀಲಗಳು ನೆಲದಿಂದ ಮೇಲೆ ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ, ಮೊದಲು ಬಂದದ್ದು ಮೊದಲು ಹೋಗಲಿ. ಮಳೆಗಾಲ ಮುಗಿಯುವ ಹೊತ್ತಿಗೆ ದಾಸ್ತಾನು ತಳ ಕಾಣುವಂತೆ ಆರ್ಡರ್ ಹಂಚಿಕೊಳ್ಳಿ.

ನಮ್ಮ ಕಡೆಯ ಬೇಡಿಕೆಗೂ ಒಂದು ಪಂಚಾಂಗವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಗಳ ಬೋಟುಗಳು ಆಗಲೇ ದುರಸ್ತಿಗೆ ಮೇಲೇರುತ್ತವೆ. ರೆಸಿನ್ನಿಗೆ ಗಿರಾಕಿ ಹೆಚ್ಚುವುದು ಮೇ ತಿಂಗಳಿನಿಂದ. ಏಪ್ರಿಲ್ ಕೊನೆಗೆ ಮಾಲು ಗೋದಾಮಿನಲ್ಲಿರಬೇಕಾದರೆ ಆರ್ಡರ್ ಫೆಬ್ರವರಿಯಲ್ಲಿ ಹೋಗಬೇಕು. ಆದರೆ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಚಾಂದ್ರ ಹೊಸವರ್ಷಕ್ಕೆ ಚೀನಾದ ಕಾರ್ಖಾನೆಗಳು ವಾರಗಟ್ಟಲೆ ಬಾಗಿಲು ಹಾಕುತ್ತವೆ. ಆದ್ದರಿಂದ ಬೋಟಿನ ಸೀಸನ್ನಿನ ಆರ್ಡರನ್ನು ನಾವು ಡಿಸೆಂಬರಿನಲ್ಲೇ ಕೊಡುತ್ತೇವೆ. ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಹಪ್ಪಳ, ಸಂಡಿಗೆ, ಕಟ್ಟಿಗೆಗಳನ್ನು ಒಳಗೆ ಸೇರಿಸಿಬಿಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಈ ವಿದ್ಯೆಯನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಸ್ಟೈರೀನಿನ ವಿಷಯ ಬೇರೆ. ಅದನ್ನು ಕೂಡಿಡುವುದೇ ಅಪಾಯ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಲ್ಲಿ, ಲಾಕ್‌ಡೌನಿನಿಂದಾಗಿ ವಾರಗಟ್ಟಲೆ ಅಲುಗಾಡದೆ ನಿಂತಿದ್ದ ಟ್ಯಾಂಕಿನೊಳಗೆ ಸ್ಟೈರೀನ್ ತಾನಾಗಿ ಕಾಯುತ್ತ ಹೋಗಿ ಆವಿ ಹೊರಚಿಮ್ಮಿತು. 12 ಮಂದಿ ಸತ್ತರು. ಸ್ಟೈರೀನ್ ತಾನೇ ಗಟ್ಟಿಯಾಗದಂತೆ ತಡೆಯುವ ಟಿಬಿಸಿ ಎಂಬ ಪ್ರತಿಬಂಧಕ, ದ್ರವದಲ್ಲಿ ಕರಗಿದ ಆಮ್ಲಜನಕ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ, ಮತ್ತು ಬಿಸಿಲು ಏರಿದಂತೆ ಬೇಗ ಸವೆಯುತ್ತದೆ. ಟ್ಯಾಂಕಿನ ಉಷ್ಣಾಂಶವನ್ನು ಪ್ರತಿದಿನ, ಟಿಬಿಸಿ ಪ್ರಮಾಣವನ್ನು ಬೇಸಗೆಯಲ್ಲಿ ಪ್ರತಿವಾರ ನೋಡಿ ಬರೆದಿಡುವ ವ್ಯವಸ್ಥೆ ಇಲ್ಲದವರು ಸ್ಟೈರೀನ್ ದಾಸ್ತಾನು ಮಾಡಲೇಬಾರದು. ಕಾನೂನಿನ ಮಿತಿಯೂ ಇದೆ. ಸುಮಾರು 31 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲ ಆವಿ ಬಿಡುವ ಈ ದ್ರವ ಪೆಟ್ರೋಲಿಯಂ ನಿಯಮಗಳ ‘ಬಿ’ ವರ್ಗಕ್ಕೆ ಬೀಳುತ್ತದೆ. ಆ ವರ್ಗದಲ್ಲಿ ಲೈಸೆನ್ಸ್ ಇಲ್ಲದೆ ಇಡಬಹುದಾದದ್ದು 2,500 ಲೀಟರ್, ಅಂದರೆ 200 ಲೀಟರಿನ 12 ಡ್ರಮ್. ಅದಕ್ಕಿಂತ ಹೆಚ್ಚು ಬೇಕಾದರೆ ಆ ನಿಯಮಗಳಡಿ ಲೈಸೆನ್ಸ್ ಬೇಕು. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿನ 1989ರ ನಿಯಮಗಳಡಿ ನೀವು ಯಾವ ಮಿತಿಯೊಳಗಿದ್ದೀರಿ ಎಂಬುದನ್ನೂ ಕಾರ್ಖಾನೆಗಳ ಇಲಾಖೆಯವರ ಜೊತೆ ಕೂತು ಖಚಿತಪಡಿಸಿಕೊಳ್ಳಿ. ಸಣ್ಣವರು ಮಾಡಬಹುದಾದದ್ದು ಇಷ್ಟು: ಬಂದರುಗಳಲ್ಲಿ ದೊಡ್ಡ ಟ್ಯಾಂಕ್ ಹೊಂದಿರುವ ಇಬ್ಬರು ವ್ಯಾಪಾರಿಗಳೊಂದಿಗೆ ಬೇರೆ ಬೇರೆಯಾಗಿ ತಿಂಗಳ ಒಪ್ಪಂದ ಮಾಡಿಕೊಂಡು, ದಾಸ್ತಾನು ಅವರಲ್ಲಿ ಇರುವಂತೆ, ಹಕ್ಕು ನಮ್ಮದಾಗಿರುವಂತೆ ನೋಡಿಕೊಳ್ಳುವುದು.

ಸುಂಕದ ದಿನ ಯಾವುದು

ಕಂಟೇನರಿನ ಮೌಲ್ಯ, ವಿಮೆ ಮತ್ತು ಸಾಗಣೆ ಸೇರಿ, 100 ರೂಪಾಯಿ ಎಂದುಕೊಳ್ಳಿ. ಮೂಲ ಸುಂಕ ಶೇ 7.5 ಆದರೆ 7.50 ರೂಪಾಯಿ, ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್ 75 ಪೈಸೆ, ಒಟ್ಟು 108.25 ರೂಪಾಯಿಯ ಮೇಲೆ ಶೇ 18ರ ಐಜಿಎಸ್‌ಟಿ 19.49 ರೂಪಾಯಿ. ಐಜಿಎಸ್‌ಟಿ ಮುಂದೆ ನಮ್ಮ ಮಾರಾಟದ ಜಿಎಸ್‌ಟಿಯಲ್ಲಿ ಜಮೆಯಾಗುವುದರಿಂದ ನಿಜವಾದ ಖರ್ಚು 8.25 ರೂಪಾಯಿ ಮಾತ್ರ. ಆದರೆ ಸರಕು ಬಿಡಿಸಿಕೊಳ್ಳುವ ದಿನ ಕೈಯಲ್ಲಿರಬೇಕಾದ ಹಣ 27.74 ರೂಪಾಯಿ. ಸಣ್ಣ ಘಟಕಗಳು ಎಡವುವುದು ಈ ಎರಡನೆಯ ಸಂಖ್ಯೆಯಲ್ಲಿ. ಎರಡು ಕಂಟೇನರ್ ಒಟ್ಟಿಗೆ ಬಂದ ವಾರ ಬ್ಯಾಂಕಿನ ಮಿತಿ ಮುಗಿದುಹೋಗಿ ಸರಕು ಟರ್ಮಿನಲಿನಲ್ಲೇ ಕೂರುತ್ತದೆ. ಆಮೇಲೆ ಟರ್ಮಿನಲಿನವರು ಜಾಗದ ಬಾಡಿಗೆಗೆ ಗ್ರೌಂಡ್ ರೆಂಟ್ ಎನ್ನುತ್ತಾರೆ, ಹಡಗಿನವರು ಕಂಟೇನರ್ ಹಿಡಿದಿಟ್ಟುಕೊಂಡ ಶುಲ್ಕಕ್ಕೆ ಡಿಟೆನ್ಷನ್ ಎನ್ನುತ್ತಾರೆ, ದುಡ್ಡು ಎರಡು ಕಡೆಯೂ ಓಡುತ್ತದೆ.

ಯಾವ ದಿನದ ಸುಂಕದ ದರ ಅನ್ವಯಿಸುತ್ತದೆ ಎಂಬುದು ಬಹಳ ಮಂದಿ ತಪ್ಪು ತಿಳಿದುಕೊಂಡಿರುವ ವಿಷಯ. ಒಪ್ಪಂದ ಮಾಡಿಕೊಂಡ ದಿನವೂ ಅಲ್ಲ, ಸರಕು ಹಡಗು ಹತ್ತಿದ ದಿನವೂ ಅಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 15ನೇ ಕಲಮಿನಂತೆ, ನೇರ ಬಳಕೆಗೆ ಬಿಡಿಸಿಕೊಳ್ಳುವ ಸರಕಿಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ ದರ. ಹಡಗಿಗೆ ಒಳಪ್ರವೇಶ ಸಿಗುವ ಮೊದಲೇ ಸಲ್ಲಿಸಿದ್ದರೆ ಒಳಪ್ರವೇಶ ಸಿಕ್ಕಿದ ದಿನದ ದರ. ಫೆಬ್ರವರಿ 1ರ ಬಜೆಟ್ಟಿನ ಆಸುಪಾಸಿನಲ್ಲಿ ಬರುವ ಹಡಗು ಎರಡು ದಿನ ಹೊರಗೆ ಲಂಗರು ಹಾಕಿ ನಿಂತದ್ದರಿಂದ ಲೆಕ್ಕಾಚಾರವೇ ತಲೆಕೆಳಗಾಗಬಹುದು. ಆದ್ದರಿಂದ ಗಿರಾಕಿಗೆ ಕೊಡುವ ದರಪಟ್ಟಿಯಲ್ಲಿ ‘ಸುಂಕದಲ್ಲಾಗುವ ಬದಲಾವಣೆ ಖರೀದಿದಾರರಿಗೆ ಸೇರಿದ್ದು’ ಎಂಬ ಒಂದು ಸಾಲು ಇರಲೇಬೇಕು.

ರಿಯಾಯಿತಿಯ ಆಸೆ, ಪ್ರಮಾಣಪತ್ರದ ಗೋಳು

ಆಸಿಯಾನ್ ಮತ್ತು ದಕ್ಷಿಣ ಕೊರಿಯಾಗಳೊಂದಿಗಿನ ಒಪ್ಪಂದಗಳು 2010ರ ಜನವರಿ 1ರಿಂದ, ಜಪಾನಿನದು 2011ರ ಆಗಸ್ಟಿನಿಂದ, ಯುಎಇಯದು 2022ರ ಮೇ 1ರಿಂದ ಜಾರಿಯಲ್ಲಿವೆ. ಇವುಗಳಡಿ ಹಲವು ರಾಸಾಯನಿಕಗಳಿಗೆ ಮೂಲ ಸುಂಕ ಕಡಿಮೆ ಅಥವಾ ಶೂನ್ಯ. 25 ಲಕ್ಷ ರೂಪಾಯಿಯ ಕಂಟೇನರಿನಲ್ಲಿ ಶೇ 8.25 ಉಳಿದರೆ ಎರಡು ಲಕ್ಷಕ್ಕೂ ಮೀರಿದ ಮೊತ್ತ. ಈ ಆಸೆಯಿಂದಲೇ ನಾವು ಒಮ್ಮೆ ಆಗ್ನೇಯ ಏಷ್ಯಾದ ಕಾರ್ಖಾನೆಯೊಂದರ ಮಾಲನ್ನು ಮೂರನೇ ದೇಶದ ವ್ಯಾಪಾರಿಯೊಬ್ಬರ ಮೂಲಕ ತರಿಸಿದೆವು. ಮೂಲ ದೇಶದ ಪ್ರಮಾಣಪತ್ರ ಬಂತು, ಸಹಿ ಇತ್ತು, ಮೊಹರು ಇತ್ತು. ಆದರೆ ಇನ್‌ವಾಯ್ಸ್ ಮೂರನೇ ದೇಶದ್ದು ಎಂದು ಸೂಚಿಸುವ ಚೌಕದಲ್ಲಿ ಗುರುತು ಹಾಕಿರಲಿಲ್ಲ. ಪೆನ್ನಿನ ಒಂದು ಗೀಟು. ಅದಕ್ಕಾಗಿ ಸರಕು 13 ದಿನ ನಿಂತಿತು. ನಾವು ವ್ಯಾಪಾರಿಗೆ, ವ್ಯಾಪಾರಿ ಕಾರ್ಖಾನೆಗೆ, ಕಾರ್ಖಾನೆ ತನ್ನ ದೇಶದ ಅಧಿಕಾರಿಗಳಿಗೆ ಪತ್ರ ಬರೆಯುವುದರಲ್ಲಿ ಹೊತ್ತು ಹೋಗಿ, ಉಳಿಯಬೇಕಾಗಿದ್ದ ಹಣದ ಬಹುಪಾಲು ಬಾಡಿಗೆಗೆ ಸಂದಾಯವಾಯಿತು. ಕಸ್ಟಮ್ಸ್‌ನವರನ್ನು ದೂರುವಂತಿರಲಿಲ್ಲ, ಅವರು ಕೇಳಿದ್ದು ನಿಯಮದಲ್ಲಿದ್ದದ್ದನ್ನೇ.

ಆಗ ನನಗೆ ಹೊಳೆಯದಿದ್ದ ದಾರಿ ಒಂದಿತ್ತು. ಮೂಲದ ಬಗ್ಗೆ ಸಂಶಯ ಬಂದು ಪರಿಶೀಲನೆ ನಡೆಯುವಾಗಲೂ ವ್ಯತ್ಯಾಸದ ಸುಂಕಕ್ಕೆ ಭದ್ರತೆ ಕೊಟ್ಟು ಸರಕನ್ನು ಬಿಡಿಸಿಕೊಳ್ಳಲು ಅವಕಾಶವಿದೆ. ಮೊದಲ ದಿನವೇ ಅದನ್ನು ಕೇಳಿಕೊಳ್ಳಿ. ಪ್ರಮಾಣಪತ್ರದ ವ್ಯಾಜ್ಯ ತನ್ನ ಪಾಡಿಗೆ ನಡೆಯಲಿ, ರಿಯಾಕ್ಟರ್ ತನ್ನ ಪಾಡಿಗೆ ನಡೆಯಲಿ. ಎರಡನೆಯದಾಗಿ, 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ, ಕೆರೊಟಾರ್ ಎಂದು ಕರೆಯಲಾಗುವ ನಿಯಮಗಳಂತೆ, ಪ್ರಮಾಣಪತ್ರ ತೋರಿಸಿದರಷ್ಟೇ ಸಾಲದು: ಸರಕು ಆ ದೇಶದಲ್ಲಿ ಹೇಗೆ ತಯಾರಾಯಿತು, ಎಷ್ಟು ಪಾಲು ಅಲ್ಲಿಯದು ಎಂಬ ವಿವರ ಆಮದುದಾರರ ಬಳಿ ಇರಬೇಕು, ಮತ್ತು ಐದು ವರ್ಷ ಕಾಯ್ದಿಡಬೇಕು. ಮಧ್ಯವರ್ತಿಗಳು ಈ ವಿವರ ಕೊಡಲು ಹಿಂಜರಿಯುತ್ತಾರೆ, ಏಕೆಂದರೆ ಅವರ ಮೂಲ ನಿಮಗೆ ಗೊತ್ತಾಗಿಬಿಡುತ್ತದೆ. ಆರ್ಡರಿಗೆ ಮೊದಲೇ ಪ್ರಮಾಣಪತ್ರದ ಕರಡನ್ನು ತರಿಸಿ, ನಿಮ್ಮ ಏಜೆಂಟರಿಗೆ ಓದಿಸಿ, ಆಮೇಲೆ ಎಲ್‌ಸಿ, ಅಂದರೆ ಪಾವತಿಗೆ ಬ್ಯಾಂಕಿನ ಭರವಸೆಪತ್ರ, ತೆರೆಯಿರಿ.

ಗುಣಮಟ್ಟ ನಿಯಂತ್ರಣ ಆದೇಶಗಳದ್ದು ಇನ್ನೂ ಸೂಕ್ಷ್ಮ. 2016ರ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಕಾಯ್ದೆಯಡಿ ಸರ್ಕಾರ ಇಂಥ ಆದೇಶ ಹೊರಡಿಸಿದರೆ, ಆ ವಸ್ತುವಿನ ವಿದೇಶಿ ತಯಾರಕರಿಗೂ ಬಿಐಎಸ್ ಲೈಸೆನ್ಸ್ ಬೇಕಾಗುತ್ತದೆ; ಇಲ್ಲದ ಸರಕು ಒಳಗೆ ಬರುವಂತಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಸ್ಟೈರೀನ್, ಮೆಲೆಯಿಕ್, ಥ್ಯಾಲಿಕ್‌ಗಳಷ್ಟೇ ಅಲ್ಲ, ಮೀನು ಕಾರ್ಖಾನೆಗಳು ಬಳಸುವ ಬ್ಲೀಚಿಂಗ್ ಪೌಡರಿಗೂ ಇಂಥ ಆದೇಶ ಬಂದಿತು. ಹಲವು ಆದೇಶಗಳ ಜಾರಿ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ನವೆಂಬರಿನಲ್ಲಿ ಪ್ಲಾಸ್ಟಿಕ್ ಮತ್ತು ಪಾಲಿಯೆಸ್ಟರ್ ಸಂಬಂಧದ ಹಲವು ಆದೇಶಗಳನ್ನು ಸರ್ಕಾರವೇ ಹಿಂತೆಗೆದುಕೊಂಡಿತು. ಹೀಗೆ ಬಂದು ಹೋಗುವ ಆದೇಶಗಳ ನಡುವೆ ಖರೀದಿ ಮಾಡುವವರು ಪ್ರತಿ ಆರ್ಡರಿಗೂ ಮುನ್ನ ಆ ದಿನದ ಸ್ಥಿತಿಯನ್ನು ನೋಡಲೇಬೇಕು. ಇಲ್ಲಿ ನೆನಪಿಡಬೇಕಾದ ಒಂದು ಮಾತು: ಲೈಸೆನ್ಸ್ ಸಿಗುವುದು ಕಂಪನಿಯ ಹೆಸರಿಗಲ್ಲ, ಆ ನಿರ್ದಿಷ್ಟ ಕಾರ್ಖಾನೆಗೆ. ಅದೇ ಕಂಪನಿ ತನ್ನ ಇನ್ನೊಂದು ಊರಿನ ಕಾರ್ಖಾನೆಯಿಂದ ಮಾಲು ಕಳಿಸಿದರೆ ಅದಕ್ಕೆ ಆ ಲೈಸೆನ್ಸ್ ನಡೆಯುವುದಿಲ್ಲ. ಖರೀದಿ ಆದೇಶದಲ್ಲಿ ಕಾರ್ಖಾನೆಯ ವಿಳಾಸವನ್ನೇ ಬರೆಯಿರಿ.

ಸುರಿಮಾರಾಟ ತಡೆ ಸುಂಕ, ಅಂದರೆ ತೀರಾ ಅಗ್ಗದ ಬೆಲೆಗೆ ತಂದು ಸುರಿಯುವ ವಿದೇಶಿ ಸರಕಿನ ಮೇಲೆ ಹಾಕುವ ಆ್ಯಂಟಿ ಡಂಪಿಂಗ್ ಸುಂಕ, ಇವೆಲ್ಲಕ್ಕಿಂತ ನಿಧಾನವಾಗಿ ಬರುವ ಗಂಡಾಂತರ, ಹಾಗಾಗಿಯೇ ಎದುರಿಸಲು ಸುಲಭ. ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ (ಡಿಜಿಟಿಆರ್) ತನಿಖೆ ಆರಂಭಿಸಿದರೆ ಸಾಮಾನ್ಯವಾಗಿ ಒಂದು ವರ್ಷ, ಹೆಚ್ಚೆಂದರೆ 18 ತಿಂಗಳಲ್ಲಿ ಮುಗಿಸಿ ಶಿಫಾರಸು ಮಾಡುತ್ತದೆ. ಸುಂಕ ಹೇರುವುದು ಬಿಡುವುದು ಹಣಕಾಸು ಸಚಿವಾಲಯದ ಕೈಯಲ್ಲಿದೆ. ಹೇರಿದರೆ ಸಾಮಾನ್ಯವಾಗಿ ಐದು ವರ್ಷ. ದರ ದೇಶಕ್ಕೊಂದು, ತಯಾರಕರಿಗೊಂದು ಇರುವುದರಿಂದ ಪುಸ್ತಕದಲ್ಲಿ ತಯಾರಕರ ಹೆಸರು ಬರೆಯಿರಿ ಎಂದು ಆಗಲೇ ಒತ್ತಿ ಹೇಳಿದೆ. ತನಿಖೆ ಶುರುವಾದ ಅಧಿಸೂಚನೆ ಕಂಡ ದಿನವೇ ಎರಡು ಕೆಲಸ ಮಾಡಿ. ಪಟ್ಟಿಯಲ್ಲಿಲ್ಲದ ದೇಶದ ಮಾದರಿಯನ್ನು ತರಿಸಲು ಆರಂಭಿಸಿ. ಮತ್ತು ಬಳಕೆದಾರರಾಗಿ ನಿಮ್ಮ ಮಾತನ್ನೂ ದಾಖಲಿಸಿ. ದೇಶೀ ತಯಾರಕರು ದೊಡ್ಡ ವಕೀಲರನ್ನಿಟ್ಟು ವಾದಿಸುತ್ತಾರೆ, ರೆಸಿನ್ ತಯಾರಿಸುವ ಸಣ್ಣವರ ದನಿ ಕಡತದಲ್ಲೇ ಇರುವುದಿಲ್ಲ. ಆಮೇಲೆ ಸುಂಕ ಬಂತೆಂದು ಗೊಣಗುತ್ತೇವೆ. ಒಬ್ಬೊಬ್ಬರಾಗಿ ಆಗದಿದ್ದರೆ ಕೆನರಾ ಸಣ್ಣ ಕೈಗಾರಿಕೆಗಳ ಸಂಘದಂಥ ಸಂಘಟನೆಯ ಮೂಲಕ ಬರೆಯಬಹುದು. ಉತ್ತರಕ್ಕೆ ಸಿಗುವ ಅವಧಿ ಸಾಮಾನ್ಯವಾಗಿ 30 ದಿನ.

ನಿಷೇಧ ಆ ಕಡೆಯಿಂದಲೂ ಬರಬಹುದು. 2021ರ ಅಕ್ಟೋಬರಿನಲ್ಲಿ ಚೀನಾ ಯೂರಿಯಾ ರಫ್ತಿಗೆ ತಪಾಸಣೆಯನ್ನು ಕಡ್ಡಾಯ ಮಾಡಿದ ಮುಂದಿನ ತಿಂಗಳೇ ದಕ್ಷಿಣ ಕೊರಿಯಾದಲ್ಲಿ ಡೀಸೆಲ್ ಲಾರಿಗಳಿಗೆ ಬೇಕಾದ ಯೂರಿಯಾ ದ್ರಾವಣ ಸಿಗದೆ ಹಾಹಾಕಾರವೆದ್ದಿತು. ಒಂದೇ ದೇಶದಿಂದ ಬರುವ ವಸ್ತುಗಳ ಪುಟಕ್ಕೆ ಆ ದೇಶದ ರಫ್ತು ಸುದ್ದಿಯನ್ನೂ ಆಗಾಗ ಅಂಟಿಸುತ್ತಿರಿ.

ದಾಸ್ತಾನಿನಲ್ಲಿ ಸುಂಕದ ಹಣ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವವರಿಗೆ ಬಾಂಡೆಡ್ ಗೋದಾಮು ಒಂದು ದಾರಿ. ಅಲ್ಲಿಟ್ಟ ಸರಕಿಗೆ ಹೊರತೆಗೆಯುವಾಗ ಸುಂಕ ಕಟ್ಟಿದರಾಯಿತು, ಬಡ್ಡಿ ಶುರುವಾಗುವುದು 90 ದಿನದ ಮೇಲೆ. ಕಾರ್ಖಾನೆಯನ್ನೇ ಬಾಂಡ್ ಮಾಡಿಕೊಳ್ಳುವ 2019ರ ಮೂವರ್ ವ್ಯವಸ್ಥೆಯೂ ಇದೆ. ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡಬಲ್ಲವರಿಗೆ ಮಾತ್ರ ಅದನ್ನು ಸೂಚಿಸುತ್ತೇನೆ.

ಎರಡನೇ ಮೂಲವನ್ನು ಲೋಟದಲ್ಲಿ ಪರೀಕ್ಷಿಸಿ

ಎರಡನೇ ಸರಬರಾಜುದಾರರ ಹೆಸರು ಪುಸ್ತಕದಲ್ಲಿದ್ದರೆ ಸಾಲದು, ಅವರ ಮಾಲಿನಿಂದ ಮಾಡಿದ ರೆಸಿನ್ ಬೋಟಿನ ಮೇಲೆ ನಿಲ್ಲಬೇಕು. ಬಿಕ್ಕಟ್ಟು ಬಂದ ದಿನ ಹೊಸ ಮಾಲನ್ನು ನೇರವಾಗಿ ರಿಯಾಕ್ಟರಿಗೆ ಸುರಿಯುವುದು ಜೂಜು. ನೆಮ್ಮದಿಯ ಕಾಲದಲ್ಲೇ ಐದು ಕಿಲೋ ಮಾದರಿ ತರಿಸಿ ಪ್ರಯೋಗಾಲಯದ ಸಣ್ಣ ಬ್ಯಾಚ್ ಮಾಡಿ, ಆಮ್ಲಾಂಕ, ಸ್ನಿಗ್ಧತೆ, ಬಣ್ಣ ನೋಡಿ. ಕೊನೆಗೆ ಕಾಗದದ ಲೋಟದಲ್ಲಿ 100 ಗ್ರಾಂ ರೆಸಿನ್ ತೂಗಿ, ಮೊದಲು ಗಟ್ಟಿಯಾಗುವ ಕ್ರಿಯೆಗೆ ವೇಗ ಕೊಡುವ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲೆಯೇ ಆ ಕ್ರಿಯೆಯನ್ನು ಆರಂಭಿಸುವ ಎಂಇಕೆಪಿ ಪೆರಾಕ್ಸೈಡ್ ಹಾಕಿ, ಗಡಿಯಾರ ಒತ್ತಿ. ಕೋಬಾಲ್ಟ್ ಮತ್ತು ಪೆರಾಕ್ಸೈಡನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸ್ಫೋಟವಾಗುತ್ತದೆ; ಎರಡಕ್ಕೂ ಬೇರೆ ಬೇರೆ ಕಪಾಟು, ಬೇರೆ ಬೇರೆ ಅಳತೆಯ ಪಾತ್ರೆ ಇರಬೇಕು. ಐಸ್‌ಕ್ರೀಂ ಕಡ್ಡಿಯಿಂದ ಆಗಾಗ ಎತ್ತಿ ನೋಡುತ್ತಿದ್ದರೆ ಜೇನಿನಂತೆ ಇಳಿಯುತ್ತಿದ್ದದ್ದು ಒಂದು ಕ್ಷಣದಲ್ಲಿ ತುಂಡಾಗುತ್ತದೆ, ಲೋಟ ಕೈಗೆ ಬಿಸಿಯಾಗುತ್ತದೆ. ಆ ಸಮಯವೇ ಜೆಲ್ ಟೈಮ್. ತಾಂತ್ರಿಕ ಹಾಳೆಯಲ್ಲಿ 25 ಡಿಗ್ರಿಯ ಸಮಯ ಬರೆದಿರುತ್ತದೆ. ಏಪ್ರಿಲಿನಲ್ಲಿ ಮಲ್ಪೆಯ ಯಾರ್ಡಿನ ತಗಡಿನ ಚಾವಣಿಯಡಿ ಅದು ಎಷ್ಟೋ ಬೇಗ ಗಟ್ಟಿಯಾಗುವುದರಿಂದ, ಹಳೆಯ ಮೂಲದ ರೆಸಿನ್ನನ್ನೂ ಹೊಸದನ್ನೂ ಅದೇ ಮಧ್ಯಾಹ್ನ, ಅದೇ ಮೇಜಿನ ಮೇಲೆ ಒಟ್ಟಿಗೆ ಪರೀಕ್ಷಿಸಿ. ಒಪ್ಪಿಗೆಯಾದ ಮೂಲದಿಂದ ವರ್ಷಕ್ಕೆ ಒಂದು ಕಂಟೇನರನ್ನಾದರೂ, ದರ ಸ್ವಲ್ಪ ಹೆಚ್ಚಾದರೂ, ತರಿಸುತ್ತಿರಿ. ಬಳಸದ ಪರಿಚಯ ಕಷ್ಟಕಾಲದಲ್ಲಿ ಫೋನ್ ಎತ್ತುವುದಿಲ್ಲ.

ದೊಡ್ಡವರೂ ಇದನ್ನೇ ಮಾಡಿದ್ದಾರೆ. ನಮ್ಮ ನೆರೆಯ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ದಶಕಗಳ ಕಾಲ ನಾಫ್ತಾದಿಂದ ಯೂರಿಯಾ ತಯಾರಿಸಿ, 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಕೊಳವೆಮಾರ್ಗ ಬಂದಾಗ ನೈಸರ್ಗಿಕ ಅನಿಲಕ್ಕೆ ಹೊರಳಿತು. ಆ ಮಾರ್ಗ ಉದ್ಘಾಟನೆಯಾದದ್ದು 2021ರ ಜನವರಿ 5ರಂದು.

ವಿಮೆಯ ಮಾತು ಚುಟುಕಾಗಿ. ಸಾಗರ ವಿಮೆಯಲ್ಲಿ ಎ, ಬಿ, ಸಿ ಎಂಬ ಮೂರು ಬಗೆಯ ಷರತ್ತುಗಳಿದ್ದು ‘ಎ’ ಹೆಚ್ಚು ವಿಶಾಲ. ಯುದ್ಧದ ಅಪಾಯಕ್ಕೆ ಬೇರೆ ಷರತ್ತು ಕೊಳ್ಳಬೇಕು. ಬರಿಯ ವಿಳಂಬದಿಂದಾದ ನಷ್ಟವನ್ನು ಯಾವುದೂ ಕೊಡುವುದಿಲ್ಲ. 2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ವಾನ್ ಹೈ 503 ಕಂಟೇನರ್ ಹಡಗಿಗೆ ಬೆಂಕಿ ಹತ್ತಿದಾಗ ಪಾರಾದ 18 ನಾವಿಕರನ್ನು ಕರೆತಂದದ್ದು ಪಣಂಬೂರಿಗೇ. ಅಂಥ ಅನಾಹುತದಲ್ಲಿ ನಿಮ್ಮ ಕಂಟೇನರ್ ಸುಡದೆ ಉಳಿದರೂ, ಹಡಗನ್ನು ಉಳಿಸಿದ ಖರ್ಚಿನ ಪಾಲನ್ನು ಸರಕಿನ ಮಾಲೀಕರೆಲ್ಲ ಹೊರಬೇಕೆಂದು ಹಡಗಿನವರು ಘೋಷಿಸಬಹುದು, ಮತ್ತು ಆ ಪಾಲಿಗೆ ಭದ್ರತೆ ಕೊಡುವವರೆಗೆ ಸರಕು ಬಿಡುವುದಿಲ್ಲ. ವಿಮೆ ಇದ್ದರೆ ಆ ಭದ್ರತೆಯನ್ನು ವಿಮಾ ಕಂಪನಿ ಕೊಡುತ್ತದೆ. ವಿಮೆ, ಸಾಗಣೆ ಸೇರಿದ ಸಿಐಎಫ್ ದರದಲ್ಲಿ ಕೊಂಡವರು ಮಾರಾಟಗಾರರು ಮಾಡಿಸಿದ ವಿಮೆ ಬಹುತೇಕ ‘ಸಿ’ ಮಾತ್ರ ಎಂಬುದನ್ನು ಓದಿ ನೋಡಿಕೊಳ್ಳಬೇಕು.

ಬಂದರು ದಾಟಿದ ಮೇಲಿನ ದಾರಿ

2024ರ ಜುಲೈಯನ್ನು ಇಲ್ಲಿನ ಸಾಗಣೆದಾರರು ಮರೆತಿಲ್ಲ. 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು, ಅನಿಲದ ಟ್ಯಾಂಕರ್ ಗಂಗಾವಳಿ ನದಿಗೆ ಬಿತ್ತು. 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ರೈಲುಹಳಿಯಡಿಯ ಮಣ್ಣು ಜಾರಿತು. ಶಿರಾಡಿ ಘಾಟಿಯಲ್ಲೂ ಕುಸಿತ. ಬಂದರು ಮಳೆಗಾಲದಲ್ಲೂ ಕೆಲಸ ಮಾಡುತ್ತದೆ, ಆದರೆ ಬಂದರಿನಿಂದ ಹೊರಡುವ ಈ ಮೂರು ಮುಖ್ಯ ದಾರಿಗಳೂ ಒಂದೇ ತಿಂಗಳಲ್ಲಿ ಕೈಕೊಟ್ಟವು. ಚೆನ್ನೈ ಬಳಿಯ ಮಣಲಿಯಿಂದ ಬರಬೇಕಾದ ನಮ್ಮ ಗ್ಲೈಕಾಲ್ ಟ್ಯಾಂಕರ್ ಹಾಸನದಲ್ಲಿ ನಿಂತಿತ್ತು. ಚಾಲಕರು ದಿನಾ ಸಂಜೆ ಫೋನ್ ಮಾಡಿ ‘ಸಾರ್, ಬಿಡ್ಲಿಲ್ಲ’ ಎನ್ನುತ್ತಿದ್ದರು.

ಆ ವರ್ಷದಿಂದ ಪುಸ್ತಕದ ಪ್ರತಿ ಪುಟದಲ್ಲೂ ‘ಘಾಟಿಯ ಆಚೆಯೋ ಈಚೆಯೋ’ ಎಂಬ ಒಂದು ಅಂಕಣ ಸೇರಿಸಿದ್ದೇವೆ. ಆಚೆಯಿಂದ ಬರುವ ದೇಶೀ ಮಾಲಿನ ಜೂನ್–ಜುಲೈ ಖರ್ಚಿನಲ್ಲಿ ಕಡಿಮೆಯೆಂದರೆ ಮೂರು ವಾರದಷ್ಟನ್ನು ಮೇ 20ರೊಳಗೆ ಇಳಿಸಿಕೊಳ್ಳುತ್ತೇವೆ. ಆಚೆಯ ಗಿರಾಕಿಗಳಿಗೆ ಹೋಗಬೇಕಾದ ರೆಸಿನ್ನನ್ನು, ಅದರ ಬಾಳಿಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಎಂಬುದನ್ನು ಗಮನದಲ್ಲಿಟ್ಟು, ಒಂದು ತಿಂಗಳಿನಷ್ಟು ಮಾತ್ರ ಮುಂಚಿತವಾಗಿ ದಾಟಿಸುತ್ತೇವೆ. ಟ್ಯಾಂಕರಿನವರೊಂದಿಗಿನ ಒಪ್ಪಂದದಲ್ಲಿ ಶಿರಾಡಿ ಮುಚ್ಚಿದರೆ ಯಾವ ಘಾಟಿಯಿಂದ ಬರಬೇಕು, ಅಪಾಯಕಾರಿ ಸರಕಿನ ಭಾರಿ ವಾಹನಕ್ಕೆ ಅಲ್ಲಿ ಅನುಮತಿ ಇದೆಯೇ, ಹೆಚ್ಚುವರಿ ಬಾಡಿಗೆ ಯಾರದು ಎಂಬುದನ್ನು ಏಪ್ರಿಲಿನಲ್ಲೇ ಬರೆಸಿಕೊಳ್ಳಿ. ಗುಡ್ಡ ಜರಿದ ಮಧ್ಯಾಹ್ನ ಕೇಳಿದರೆ ಅವರು ಹೇಳಿದ್ದೇ ದರ.